ಹೊಂಗೆ ಮರದಡಿಯ ಒಣರೆಂಬೆ

ಥೂ! ಬೆಳಗ್ಗೆ ಬಾಗಿಲು ತೆಗೆದರೆ ಇದೇ ದರಿದ್ರ ದರ್ಶನ. ಪುಟ್ಟೇನಹಳ್ಳಿ ಕೆರೆಯ ಗಾಳಿ ಬರಲೆಂದು ಇಲ್ಲಿ ಮನೆ ಕಟ್ಟಿಸಿದ ಅನಂತರಾಮುವಿಗೆ ಬರುತ್ತಿದ್ದದ್ದು ಎದುರಿನ ಹೊಂಗೆ ಮರದಡಿ ನಿಂತ ಯಲ್ಲಮ್ಮನ ಇಸ್ತ್ರಿ ಗಾಡಿಯ ಇದ್ದಿಲ ಹೊಗೆ. ಅವಳು ಚೆಲ್ಲುವ ಬೂದಿ, ಉಗಿಯುವ ಎಲೆಯಡಿಕೆ, ಕಂಡವರ ಬಟ್ಟೆಯಿಂದೇಳುವ ಕಮಟು ಹಬೆ. ಸಾಲದ್ದಕ್ಕೆ, ಮನೆಗೆ ಬೇಡವಾದ ಗಾಜೊಡೆದ ದೇವರ ಪಟಗಳನ್ನೆಲ್ಲ ಬೀದಿಯವರು ತಂದು ಆ ಮರದ ಬುಡಕ್ಕೇ ಒರಗಿಸಿ ಹೋಗುತ್ತಿದ್ದರು. ನೋಡಿದರೆ ಅವನಿಗೆ ವಾಕರಿಕೆ ಬರುತ್ತಿತ್ತು.

ಗಾಡಿ ಆಚೆ ಹಾಕು ಎಂದು ಕೇಳಿಯೂ ಆಗಿತ್ತು.

"ಎಲ್ಲಿಗ್ ಹೋಗ್ಲಿ ಸಾರ್? ನೀವು ಮನೆ ಕಟ್ಟೋಕ್ ಮುಂಚಿಂದ್ಲೂ ಇಲ್ಲೇ ಇದೀನಿ. ಈ ಗಾಡಿ ಬಿಟ್ರೆ ನಂಗೇನೈತೆ?"

ಸರಿ, ಗಾಡಿಯೇ ಇಲ್ಲದಿದ್ದರೆ?

ದಾರಿ ತೋರಿಸಿದವರು ಕರೆಂಟಿನವರು. ತಂತಿಗೆ ತಾಗುತ್ತದೆಂದು ರೆಂಬೆ ಕಡಿದು, ಎಂದಿನಂತೆ ಅಲ್ಲೇ ರಾಶಿ ಹಾಕಿ ಹೋದರು. ಬಿಸಿಲಿಗೆ ಅದು ಗರಿಗರಿಯಾಗಿ ಒಣಗಿತು. ರೆಂಬೆಕಡ್ಡಿಯನ್ನು ಅಪಾಯವಿಲ್ಲದೆ ಸುಡುವುದು ಹೇಗೆಂದು ಅನಂತರಾಮು ಮೊಬೈಲಿನಲ್ಲಿ ನೋಡಿ ಕಲಿತ. ಸುತ್ತ ಬರೀ ಮಣ್ಣು ಕಾಣುವಂತೆ ಗುಡಿಸಬೇಕು, ನೆಲ ನೆನೆಸಬೇಕು, ಗಾಳಿ ಎತ್ತ ಬೀಸುತ್ತಿದೆ ನೋಡಬೇಕು, ನೀರು ಕೈಗೆಟುಕುವಂತಿರಬೇಕು. ಎಲ್ಲವನ್ನೂ ಪಾಲಿಸಿದ, ತನ್ನ ಮನೆಯ ಕಡೆಗೆ ಮಾತ್ರ. ಗಾಡಿಯ ಕಡೆಗೆ ಒಣ ಎಲೆಯನ್ನು ಚಪ್ಪಲಿಯಿಂದಲೇ ತಳ್ಳಿದ. ಕೈಯಿಂದ ಮುಟ್ಟಲು ಅಸಹ್ಯ.

ಮಧ್ಯಾಹ್ನ ಯಲ್ಲಮ್ಮ ಗಾಡಿಗೆ ಟಾರ್ಪಾಲು ಹೊದಿಸಿ, ಬಟ್ಟೆ ಗಂಟು ಹೊತ್ತು ಅಪಾರ್ಟ್‌ಮೆಂಟಿನತ್ತ ಹೋದಳು. ಬೀದಿಯೆಲ್ಲ ಉಂಡು ಮಲಗಿತ್ತು. ಗಾಳಿ ಗಾಡಿಯತ್ತಲೇ ಬೀಸುತ್ತಿತ್ತು. ಯಾರಾದರೂ ಕೇಳಿದರೆ ಬೀಡಿ ತುಂಡು ಎಂದರಾಯಿತು, ಆ ಮರದಡಿ ಅದಕ್ಕೇನು ಬರ!

ಕಡ್ಡಿ ಗೀರುವಾಗ ಕೈ ತಡೆಯಿತು. ಪಟಗಳು! ಎಷ್ಟೇ ಒಡೆದಿರಲಿ, ದೇವರು ದೇವರೇ. ಸುಟ್ಟ ಪಾಪ ಯಾರಿಗೆ ಬೇಕು? ಬುಡದಲ್ಲಿದ್ದದ್ದು, ಬೇರಿನ ಸಂದಿಯಲ್ಲಿದ್ದದ್ದು, ಟಾರ್ಪಾಲಿನಡಿ ಇಣುಕುತ್ತಿದ್ದದ್ದು, ಎಲ್ಲವನ್ನೂ ಮೂಗು ಮುರಿಯುತ್ತಲೇ ಬಾಚಿಕೊಂಡು ತಂದು ತನ್ನ ಗೇಟಿನ ಮೆಟ್ಟಿಲ ಮೇಲಿಟ್ಟ. ಕೆನ್ನೆ ಬಡಿದುಕೊಂಡ. ಆಮೇಲೆ ಕಡ್ಡಿ ಗೀರಿ ಒಳಗೆ ಹೋಗಿ ಕೂತ.

ಗಾಡಿ ಪೂರ್ತಿ ಹತ್ತಿಕೊಂಡ ಮೇಲೆಯೇ ಅವನು ಬಕೆಟ್ ಹಿಡಿದು ಕೂಗುತ್ತ ಬಂದ. ಜನ ಸೇರಿ ಆರಿಸುವಷ್ಟರಲ್ಲಿ ಉಳಿದದ್ದು ನಾಲ್ಕು ಚಕ್ರ, ಒಂದು ಕಬ್ಬಿಣದ ಇಸ್ತ್ರಿ ಪೆಟ್ಟಿಗೆ.

"ಮಲಗಿದ್ದೆ ಕಣ್ರೀ. ಎದ್ದು ಬರೋ ಹೊತ್ಗೆ ಗಾಡಿ ಧಗಧಗ ಅಂತಿತ್ತು, ಹತ್ರ ಹೋಗೋಕೇ ಆಗ್ಲಿಲ್ಲ. ಮರದ ಬುಡದಲ್ಲಿದ್ದ ಪಟಗಳನ್ನಷ್ಟೇ ಎತ್ಕೊಂಡ್ ಓಡಿದೆ," ಎಂದ.

"ಪುಣ್ಯಾತ್ಮರು ನೀವು," ಎಂದಳು ಪಕ್ಕದ ಮನೆಯ ವಿಮಲಾ, ಕಣ್ಣೊರೆಸಿಕೊಂಡು. ಅವನು ವಿನಯದಿಂದ ತಲೆ ತಗ್ಗಿಸಿದ.

ಯಲ್ಲಮ್ಮ ಓಡಿ ಬಂದು ಬೂದಿಯ ಮುಂದೆ ಕುಸಿದಳು. ಎದೆ ಬಡಿದುಕೊಂಡು ಅತ್ತಳು. ಅಳುತ್ತಲೇ ದೇವರಿಗೆ ಬೈಯಲೆಂದು ಮೆಟ್ಟಿಲಿನತ್ತ ತಿರುಗಿದಳು. ಗಾಜೊಡೆದ, ಬಣ್ಣಗೆಟ್ಟ ಪಟಗಳ ನಡುವೆ ಒಂದಕ್ಕೆ ಮಾತ್ರ ಕನಕಾಂಬರದ ಮಾಲೆಯಿತ್ತು, ಬೆಳಗ್ಗೆ ತಾನೇ ಮುಡಿಸಿದ್ದು. ಎದ್ದು ಹೋಗಿ ಅದನ್ನು ಎತ್ತಿಕೊಂಡಳು. "ನಮ್ಮಮ್ಮನ ಪಟ ಇದು, ಗಾಡಿ ಒಳಗಡೆ ಮೊಳೆಗ್ ಹಾಕಿದ್ದೆ. ಹೂವಿನ ಒಂದ್ ಎಸಳೂ ಬಾಡಿಲ್ಲ," ಎಂದು ಅನಂತರಾಮುವಿನ ಮುಖ ನೋಡಿದಳು. "ಹತ್ರ ಹೋಗೋಕೇ ಆಗ್ಲಿಲ್ಲ ಅಂದ್ರಲ್ಲ ಸಾರ್, ಇದನ್ನ ಯಾವಾಗ ತಂದ್ರಿ?"