ಎಡಗಡೆ ಸೀಟಿನ ಸದ್ದು

"ನಿಮ್ಮ ಗಾಡೀಲಿ ಯಾವ ಸದ್ದೂ ಇಲ್ಲ ಕಣ್ರೀ," ಎಂದ ಮೆಕ್ಯಾನಿಕ್ ಗಂಗರಾಜು, ಕೀಲಿಯನ್ನು ಜ್ಯೋತಿಲಕ್ಷ್ಮಿಯ ಅಂಗೈಗೆ ಹಾಕುತ್ತ. ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಸುಮ್ಮನಿರುತ್ತಿದ್ದಳೇನೋ. ಮೀಸೆಯಂಚಿನಲ್ಲಿ ನಕ್ಕುಬಿಟ್ಟ.

ಒಂದೇ ತಿಂಗಳಲ್ಲಿ ಇದು ಮೂರನೇ ಸಲ. ಮೊಳಕಾಲ್ಮೂರಿನ ಮಗ್ಗದ ಮನೆಗಳಿಂದ ರೇಷ್ಮೆ ಸೀರೆ ತುಂಬಿಕೊಂಡು ಅವಳು ಅವ್ವನ ಜೊತೆ ಚಳ್ಳಕೆರೆಯ ಅಂಗಡಿಗಳಿಗೆ ಬರುತ್ತಿದ್ದಳು. ಬಂದಾಗಲೆಲ್ಲ ಅಪ್ಪನ ಕಾಲದ ಆ ಕೆನೆಬಣ್ಣದ ಕಾರನ್ನು ಎಣ್ಣೆ ಮಿಲ್ಲಿನ ಪಕ್ಕದ ಈ ಗ್ಯಾರೇಜಿಗೆ ತರುತ್ತಿದ್ದಳು. ಗಂಗರಾಜು ಬಾನೆಟ್ ಎತ್ತುತ್ತಿದ್ದ, ಕೆಳಗೆ ತೂರುತ್ತಿದ್ದ, ಒಬ್ಬನೇ ಒಂದು ಸುತ್ತು ಓಡಿಸಿಕೊಂಡು ಬರುತ್ತಿದ್ದ. ಸದ್ದು ಮಾತ್ರ ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಬೆಂಚಿನ ಮೇಲಿದ್ದ ಟಿಂಕರ್ ಕ್ಯಾತಣ್ಣ ಬಾಯಿಂದ ಬೀಡಿ ತೆಗೆದ. "ಸದ್ದು ಗಾಡೀಲಿಲ್ಲ ಕಣ್ಲೇ ಗಂಗ, ಬೇರೆ ಎಲ್ಲೋ ಐತೆ!"

ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಂಗರಾಜುವಿನ ಮೇಲೆ ಮನಸ್ಸಿತ್ತು, ಇಲ್ಲವೆನ್ನುವಂತಿಲ್ಲ. ಗ್ರೀಸು ಮೆತ್ತಿದ ಆ ಬೆರಳುಗಳು ಮೊಂಡು ನಟ್ಟೊಂದನ್ನು ಮೆಲ್ಲಗೆ ಒಲಿಸಿಕೊಳ್ಳುವುದನ್ನು ನೋಡುತ್ತ ಕೈಯಲ್ಲಿನ ಟೀ ತಣ್ಣಗಾಗಲು ಬಿಟ್ಟದ್ದೂ ಉಂಟು. ಅದಕ್ಕೇ ತಡೆಯಲಾಗಲಿಲ್ಲ. ಇಷ್ಟಪಟ್ಟವನ ಕಣ್ಣಿಗೇ ತಾನು ಸುಳ್ಳುಬುರುಕಿಯಾಗುವುದೇ? ಸದ್ದು ನಿಜವೆಂದು ಅವನ ಬಾಯಿಂದಲೇ ಹೇಳಿಸದೆ ಊರಿಗೆ ಹೋಗುವ ಮಾತೇ ಇಲ್ಲ ಎಂದುಕೊಂಡಳು.

"ಹತ್ರಿ," ಎಂದಳು ಸ್ಟಿಯರಿಂಗ್ ಹಿಡಿದು.

"ನಾನ್ಯಾಕ್ರೀ?"

"ಹತ್ರಿ ಅಂದ್ರೆ!"

ಹತ್ತಿ ಅವಳ ಪಕ್ಕದಲ್ಲಿ ಕೂತ. ಕಾರು ಎಸ್‌ಟಿಡಿ ಬೂತು ದಾಟಿ ಬಳ್ಳಾರಿ ರಸ್ತೆಗೆ ಬಿತ್ತು. ಮೊದಲ ಹಳ್ಳಕ್ಕೇ ಕೆಳಗಿನಿಂದ ಟಣ್, ಟಣ್, ಗರ್ರ್ ಎಂದಿತು.

ಗಂಗರಾಜುವಿನ ನಗು ನಿಂತಿತು. "ನಿಲ್ಸಿ. ನಾನು ಇಳೀತೀನಿ, ನೀವೊಬ್ರೇ ಓಡ್ಸಿ ನೋಡಿ."

ಅವನು ಇಳಿದ, ಸದ್ದಿಲ್ಲ. ಹತ್ತಿದ, ಟಣ್. ಮತ್ತೆ ಇಳಿದ, ಮತ್ತೆ ಹತ್ತಿದ. ಜಾಲಿಮರದ ಕೆಳಗೆ ಕುರಿ ಕಾಯುತ್ತಿದ್ದ ಮುದುಕಿಯೊಬ್ಬಳು ನೋಡಿ ನೋಡಿ ಸಾಕಾಗಿ ಕೂಗಿದಳು. "ಏನಯ್ಯಾ, ಆಯಮ್ಮ ಕರೆದ್ರೆ ಹತ್ತೋದು, ಬೈದ್ರೆ ಇಳಿಯೋದಾ?"

ಜ್ಯೋತಿಲಕ್ಷ್ಮಿಗೆ ತಟ್ಟನೆ ಹೊಳೆಯಿತು. "ಅವ್ವ ಯಾವಾಗ್ಲೂ ಆ ಸೀಟಲ್ಲೇ ಕೂರೋದು. ಅವಳನ್ನ ಬಜಾರಲ್ಲಿ ಇಳಿಸಿ ಗ್ಯಾರೇಜಿಗೆ ಬರ್ತೀನಿ. ನೀವು ಒಬ್ರೇ ಓಡಿಸ್ತೀರ. ಪಕ್ಕದಲ್ಲಿ ಜನ ಇದ್ರೇನೇ ಅದು ಕೂಗೋದು!"

ಅವನು ಅಲ್ಲೇ ಸೀಟು ಬಿಚ್ಚಿ ರಸ್ತೆ ಬದಿಗಿಟ್ಟ. ಮ್ಯಾಟಿನ ಕೆಳಗಿನ ತಗಡು ತುಕ್ಕು ತಿಂದು ಹಪ್ಪಳವಾಗಿತ್ತು. ಯಾರಾದರೂ ಕೂತರೆ ಬಗ್ಗಿ ಸೈಲೆನ್ಸರ್ ಪೈಪಿಗೆ ತಾಗುತ್ತಿತ್ತು, ಎದ್ದರೆ ತಾನೇ ಮೇಲಕ್ಕೆ ಬರುತ್ತಿತ್ತು.

ಗ್ಯಾರೇಜಿಗೆ ಮರಳಿದಾಗ ಕ್ಯಾತಣ್ಣ ಬೀಡಿ ಎಸೆದು ಎದ್ದು ಹೊಸ ತಗಡು ಬೆಸೆದು ಕೊಟ್ಟ. ಇಬ್ಬರೂ ಮತ್ತದೇ ರಸ್ತೆಗೆ ಹೋದರು. ಹಳ್ಳ ಬಂತು, ಹೋಯಿತು. ಕಾರು ಚಕಾರ ಎತ್ತಲಿಲ್ಲ.

"ಸದ್ದು ನಿಜಾನೇ. ನಂದೇ ತಪ್ಪು," ಎಂದ ಗಂಗರಾಜು.

ಈ ಮಾತಿಗಾಗಿ ಅಷ್ಟು ಹಟ ಹಿಡಿದವಳು ಅವನತ್ತ ತಿರುಗಿ ನೋಡಿದರೆ, ಅವನ ಮುಖ ಸಪ್ಪಗಿತ್ತು. ಅವಳು ಕಾರು ನಿಲ್ಲಿಸಿದಳು.

"ಒಪ್ಕೊಂಡ್ರಲ್ಲ, ಇನ್ನೂ ಯಾಕೆ ಬೇಜಾರು?"

ಅವನು ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. "ಸುಳ್ಳಾಗಿದ್ರೆ ಚೆನ್ನಾಗಿತ್ತು ಅನ್ನಿಸ್ತು. ನನ್ನ ನೋಡೋಕೇ ಬರ್ತೀರ ಅಂದ್ಕೊಂಡಿದ್ದೆ. ಆ ಖುಷಿಗೇ ನಕ್ಕಿದ್ದು."

ಜ್ಯೋತಿಲಕ್ಷ್ಮಿಗೆ ನಗುವೂ ಬಂತು, ಕಣ್ಣೂ ತುಂಬಿತು.

"ಮೊಳಕಾಲ್ಮೂರಲ್ಲೇ ಮೂರು ಗ್ಯಾರೇಜ್ ಅವೆ. ಮೂರನ್ನೂ ಬಿಟ್ಟು ಈ ಸದ್ದನ್ನ ನಿನ್ನ ಹತ್ರಾನೇ ಯಾಕೆ ಹೊತ್ಕೊಂಡು ಬರ್ತಿದ್ದೆ ಅಂತ ಒಂದ್ಸಲಾನೂ ಯೋಚಿಸ್ಲಿಲ್ವಾ ನೀನು?"

'ನೀವು' ಹೋಗಿ 'ನೀನು' ಆದದ್ದು ಇಬ್ಬರಿಗೂ ಒಟ್ಟಿಗೇ ಕೇಳಿಸಿತು. ಅವನ ಕಿವಿಗಳು ಕೆಂಪಗಾದವು.

"ಭಾನುವಾರ ನಮ್ಮಣ್ಣನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ," ಎಂದ, ತಲೆ ಎತ್ತದೆ.

"ಶನಿವಾರ ಬಾ," ಎಂದು ಅವಳು ಗೇರು ಹಾಕಿದಳು. "ಭಾನುವಾರದ ತನಕ ಕಾಯೋಕೆ ನನ್ನ ಕೈಲಾಗಲ್ಲ."