ಗೊಗ್ಗಪ್ಪನ ಖಾಲಿ ಪೆಟ್ಟಿಗೆಗಳು

ಬಹಳ ಬಹಳ ಹಿಂದೆ, ನಿಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟಿರದ ಕಾಲದಲ್ಲಿ, ಉರುಳಾಪುರ ಅಂತೊಂದು ರಾಜ್ಯವಿತ್ತು. ಅಲ್ಲಿ ಗೊಗ್ಗಪ್ಪನೆಂಬ ಮಾಂತ್ರಿಕ ಮಂತ್ರ ಊದಿ ಸಾವಿರ ಪೆಟ್ಟಿಗೆಗಳಿಗೆ ಗಾಲಿ ಬರಿಸಿದ್ದ. ಎಳೆಯುವವರಿಲ್ಲ, ತಳ್ಳುವವರಿಲ್ಲ. "ದಾರಿ ಬಿಡಿ, ದಾರಿ ಬಿಡಿ" ಅನ್ನುತ್ತಾ ಅವು ಸಂತೆಯಿಂದ ಮನೆಮನೆಗೆ ಉಪ್ಪು, ಎಣ್ಣೆ, ಬೆಂಡೆಕಾಯಿ ತಲುಪಿಸುತ್ತಿದ್ದವು. ಎಮ್ಮೆ ಅಡ್ಡ ಬಂದರೆ ಎಮ್ಮೆಗೂ ಅದನ್ನೇ ಹೇಳುತ್ತಿದ್ದವು. ಎಮ್ಮೆ ಕೇಳಬೇಕಲ್ಲ!

ಜನರಿಗೆ ಹಿಗ್ಗೋ ಹಿಗ್ಗು. ಆದರೆ ಊರಲ್ಲಿ ಒಬ್ಬೊಬ್ಬರೇ ಕಾಣೆಯಾಗತೊಡಗಿದರು. ಮೊನ್ನೆ ಗಾಣದ ಮನೆಯಾತ, ನಿನ್ನೆ ರಾಜನ ಭಾವಮೈದ. (ಭಾವಮೈದನಿಗಾಗಿ ರಾಜ ಅಷ್ಟೇನೂ ಅಳಲಿಲ್ಲ.)

ಅದೇ ಊರಿನ ಹುಡುಗಿ ತುಂಗಿಗೆ ಭಯದಿಂದ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಅವಳಿಗಿದ್ದವಳು ಅಜ್ಜಿಯೊಬ್ಬಳೇ. ಒಂದು ಬೆಳಿಗ್ಗೆ ಪೆಟ್ಟಿಗೆ ಬೆಲ್ಲ ತಂದಿತು. ಅಜ್ಜಿ ಬೆಲ್ಲ ತೆಗೆದುಕೊಂಡು, "ಆಯ್ತು, ಹೊರಡಪ್ಪಾ" ಅಂದಳು. ಪೆಟ್ಟಿಗೆ ಬಾಯಿ ಅಗಲಿಸಿ ಅಜ್ಜಿಯನ್ನೇ ಗುಳುಂ ಮಾಡಿ ಗರಗರ ಓಡಿತು! ಅವಳ ನಶ್ಯದ ಡಬ್ಬಿ ಹೊಸ್ತಿಲಲ್ಲಿ ಉಳಿಯಿತು.

ತುಂಗಿ ಡಬ್ಬಿಯನ್ನು ಮಡಿಲಿಗೆ ಹಾಕಿಕೊಂಡು ಹಿಂದೆಯೇ ಓಡಿದಳು. ಮಡಿಲಲ್ಲಿ ಆಗಲೇ ಒಂದು ಸೀಬೆಹಣ್ಣು, ಒಂದಿಷ್ಟು ಮಂಡಕ್ಕಿ ಇದ್ದವು.

ಪೆಟ್ಟಿಗೆ ಹೋಗಿ ಹೊಕ್ಕ ಮಾಂತ್ರಿಕನ ಕೋಟೆಗೆ ಮೂರು ಬಾಗಿಲು. ಬಾಗಿಲಿಗೊಂದು ಕಾವಲು ಪೆಟ್ಟಿಗೆ.

"ಖಾಲಿ! ನಾನು ಖಾಲಿ!" ಅಂತ ಮೊದಲನೆಯದು ಬಾಯಿ ತೆರೆದು ನುಗ್ಗಿತು. ಬೆಚ್ಚಿದ ತುಂಗಿಯ ಮಡಿಲಿಂದ ಸೀಬೆಹಣ್ಣು ಜಾರಿ ಅದರೊಳಗೆ ಬಿತ್ತು. ಪೆಟ್ಟಿಗೆ ಬಾಯಿ ಮುಚ್ಚಿ ತೆಪ್ಪಗೆ ಪಕ್ಕಕ್ಕೆ ಸರಿಯಿತು.

ತುಂಗಿಗೆ ಥಟ್ಟನೆ ಹೊಳೆಯಿತು. ಪಕ್ಕದ ಮನೆಯಿಂದ ಸಾರಿನ ಪಾತ್ರೆ ಬಂದರೆ ಅಜ್ಜಿ ಅದನ್ನು ಬರಿದಾಗಿ ಕಳಿಸುತ್ತಿರಲಿಲ್ಲ, ಚಿಟಿಕೆ ಸಕ್ಕರೆಯಾದರೂ ಹಾಕುತ್ತಿದ್ದಳು. ಊರೆಲ್ಲ ಹಾಗೆಯೇ. ಆದರೆ ಪೆಟ್ಟಿಗೆಗೆಂಥ ಮರ್ಯಾದೆ ಅಂತ ಕಾಣೆಯಾದವರೆಲ್ಲ ಖಾಲಿಯೇ ಅಟ್ಟಿದ್ದರು. ಖಾಲಿ ಮರಳಲಾರದ ಪೆಟ್ಟಿಗೆಗಳು ಮನೆಯವರನ್ನೇ ತುಂಬಿಕೊಂಡಿದ್ದವು.

"ಖಾಲಿ! ನಾನು ಖಾಲಿ!" ಅಂದಿತು ಎರಡನೆಯದು.

"ತಗೋ ಮಾರಾಯ" ಅಂತ ಮಂಡಕ್ಕಿ ಸುರಿದಳು. ಸರಿಯಿತು.

"ಖಾಲಿ! ನಾನು ಖಾಲಿ!" ಅಂದಿತು ಮೂರನೆಯದು. ಉಳಿದದ್ದು ನಶ್ಯ ಮಾತ್ರ. ಅಷ್ಟನ್ನೂ ಸುರಿದಳು. ಆಕ್ಷೀ! ಪೆಟ್ಟಿಗೆ ಸೀನಿದ ರಭಸಕ್ಕೆ ಬಾಗಿಲೇ ಕಿತ್ತು ಹಾರಿತು.

ಒಳಗೆ ಸಾಲುಸಾಲು ತುಂಬಿದ ಪೆಟ್ಟಿಗೆಗಳು. ನಡುವೆ ಗೊಗ್ಗಪ್ಪ, ಆಗಷ್ಟೇ ಪೆಟ್ಟಿಗೆ ತಂದ ಹೋಳಿಗೆ ಮೆಲ್ಲುತ್ತಿದ್ದ. ಪಕ್ಕದಲ್ಲೊಂದು ಬೆಣಚುಕಲ್ಲು, ಉಂಡಾದ ಮೇಲೆ ಪೆಟ್ಟಿಗೆಗೆ ಹಾಕಲು ಇಟ್ಟುಕೊಂಡದ್ದು. ಕಳ್ಳ! ಅವನಿಗೆಲ್ಲ ಗೊತ್ತಿತ್ತು.

"ಬಾಗಿಲಲ್ಲೇನೇ ಸದ್ದು? ಯಾರೇ ನೀನು?"

"ತುಪ್ಪ ಬೇಕಾ ಅಂತ ಕೇಳೋಕೆ ಬಂದೆ, ಗೊಗ್ಗಣ್ಣ."

ಅವನು ಆಸೆಯಿಂದ ತುಪ್ಪ ಹುಡುಕುತ್ತಾ ಬಾಗಿಲತ್ತ ತಿರುಗಿದ್ದೇ ತಡ, ತುಂಗಿ ಕಲ್ಲನ್ನು ಮಡಿಲಿಗೆ ಸೇರಿಸಿದಳು. ಹೋಳಿಗೆ ತಂದ ಪೆಟ್ಟಿಗೆ ಬಾಯಿ ತೆರೆಯಿತು. "ಖಾಲಿ! ನಾನು ಖಾಲಿ!"

"ಇರಪ್ಪಾ, ಇರು! ಅಯ್ಯೋ, ನನ್ನ ಕಲ್ಲೆಲ್ಲಿ?"

ಗುಳುಂ!

ಮುಚ್ಚಳ ಬಿಗಿದಿದ್ದ ಮಂತ್ರವಷ್ಟೇ ಮುರಿದು ಉಳಿದ ಪೆಟ್ಟಿಗೆಗಳ ಮುಚ್ಚಳಗಳೆಲ್ಲ ಹಾರಿದವು. ಜನ ಮೈಮುರಿದು ಎದ್ದರು. ರಾಜನ ಭಾವಮೈದ ಆಕಳಿಸಿದ. ಅಜ್ಜಿ ತಲೆ ಹೊರಹಾಕಿ ಮೊದಲು ಕೇಳಿದ್ದು, "ಲೇ ತುಂಗಿ, ನನ್ನ ನಶ್ಯ ಎಲ್ಲೇ?"

ತುಂಗಿ ಅಳುತ್ತಲೇ ನಕ್ಕು ಅಜ್ಜಿಯನ್ನು ತಬ್ಬಿಕೊಂಡಳು.

ಅಂದಿನಿಂದ ಉರುಳಾಪುರದಲ್ಲಿ ಪೆಟ್ಟಿಗೆ ಬಂದರೆ ಚೂರು ಬೆಲ್ಲ ಹಾಕಿಯೇ ಕಳಿಸುತ್ತಾರೆ. ಎಲ್ಲರೂ ಸುಖವಾಗಿದ್ದಾರೆ. ಒಂದು ಪೆಟ್ಟಿಗೆ ಮಾತ್ರ ಮುಚ್ಚಳ ತೆರೆಯದೆ ಬೀದಿ ಬೀದಿ ಅಲೆಯುತ್ತದೆ. "ತೆಗೀರೋ!" ಅಂತ ಒಳಗಿಂದ ಬಡಿತ. ಊರವರು, "ದಾರಿ ಬಿಡು ಗೊಗ್ಗಪ್ಪಾ, ದಾರಿ ಬಿಡು" ಅಂತ ನಗುತ್ತಾ ಹೋಗುತ್ತಾರೆ.

ಎಮ್ಮೆ ಮಾತ್ರ ಇನ್ನೂ ಸರಿಯುವುದಿಲ್ಲ.