ಮರಳುಗಾಡಿಗೆ ಮೂರು ಟೋಪಿ

ಆ ಬುಧವಾರ ನರ್ಸಮ್ಮ ನಮ್ಮ ಡ್ರೈವಿಂಗ್ ಸ್ಕೂಲಿನ ಬಾಗಿಲಿಗೆ ಬಂದಾಗ ನನ್ನ ತಲೆ ಆಗಲೇ ಕೆಟ್ಟು ಹೋಗಿತ್ತು. ಬೆಳಿಗ್ಗೆಯಿಂದ ಲೈಸೆನ್ಸ್ ಆಫೀಸಿನ ಸರತಿಯಲ್ಲಿ ನಿಂತು, ಲೈಸೆನ್ಸ್ ಕಳೆದುಕೊಂಡ ಮೂವರು ಪುಣ್ಯಾತ್ಮರ ಡೂಪ್ಲಿಕೇಟ್ ಅರ್ಜಿ ಕೊಟ್ಟು ಬಂದಿದ್ದೆ. ಡೂಪ್ಲಿಕೇಟ್ ಎರಡೇ ದಿನದಲ್ಲಿ ಬರುತ್ತದೆ, ನಿಜ. ಆದರೆ ಆ ಎರಡು ದಿನವೂ ಸರತಿಯಲ್ಲಿ ನಿಲ್ಲುವವನು ನಾನು. ಫೋಟೋಗೆ ಅಂಟು ಜಾಸ್ತಿಯಾಯಿತು ಅಂತ ಕೌಂಟರಿನವನು ಒಂದು ಅರ್ಜಿಯನ್ನು ನನ್ನ ಮುಖಕ್ಕೆ ಎಸೆಯುವುದೊಂದು ಬಾಕಿ ಇತ್ತು.

"ಬ್ರೇಕ್ ಅಕ್ಕ ಇದ್ದಾರಾ?" ಅಂದರು ನರ್ಸಮ್ಮ.

ಬ್ರೇಕ್ ಅಕ್ಕ ಎಂದರೆ ನನ್ನ ಸ್ವಂತ ಅಕ್ಕ. ಸ್ಕೂಲಿನ ಮೇಲಿನ ಕೋಣೆಯಲ್ಲೇ ಅವಳ ವಾಸ. ಕಲಿಯುವವರ ಪಕ್ಕ ಕೂತು, ತನ್ನ ಕಡೆಯ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಪ್ಪತ್ತೆರಡು ವರ್ಷದಿಂದ ಊರಿನವರಿಗೆ ಗಾಡಿ ಕಲಿಸುತ್ತಿದ್ದಾಳೆ. ಯಾರು ಯಾವಾಗ ಗಾಬರಿ ಬೀಳುತ್ತಾರೆ, ಯಾರದು ಸುಳ್ಳು ಧೈರ್ಯ ಎಂಬುದು ಅವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಹಾಗಾಗಿ ಕಳೆದ ಬಳೆಯಿಂದ ಹಿಡಿದು ಕಾಣೆಯಾದ ಅಳಿಯನ ತನಕ ಎಲ್ಲದಕ್ಕೂ ಬೀದಿಯವರು ಅವಳ ಹತ್ತಿರ ಬರುತ್ತಾರೆ. ಯೋಚನೆ ಅವಳದು, ಬಿಸಿಲಲ್ಲಿ ಅಲೆಯುವುದು ನನ್ನದು.

ನರ್ಸಮ್ಮ ನಮ್ಮಲ್ಲೇ ಕಲಿತವರು. ನಾನು ನಡೆಸುವ ನಿಯಮದ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದ ಒಬ್ಬರೇ ಒಬ್ಬರು. ಲೈಸೆನ್ಸ್ ಬಂದು ಏಳು ತಿಂಗಳಾಗಿತ್ತು. ರಜೆಯಲ್ಲಿದ್ದೇನೆ ಎಂದರೂ ಆಸ್ಪತ್ರೆಯ ಗುರುತಿನ ಚೀಟಿ ಕೊರಳಲ್ಲೇ ತೂಗುತ್ತಿತ್ತು. ಕೆಳಗಿಳಿದು ಬಂದ ಅಕ್ಕನ ಎದುರು, ಮಾತಿನ ನಡುವೆ ಅದನ್ನೇ ಹಿಡಿದು ಹಿಸುಕುತ್ತಿದ್ದರು.

"ನಮ್ಮೆಜಮಾನರ ಲೈಸೆನ್ಸ್ ಕಾಣ್ತಿಲ್ಲ ಅಕ್ಕ. ಬರೋ ಸೋಮವಾರ ಹೊರಡ್ಬೇಕು. ಮರಳ ದಿಬ್ಬ, ಆಮೇಲೆ ಆ ಕೆಂಪು ಕಣಿವೆ. ಆರು ದಿನ, ನಾವೇ ಗಾಡಿ ಓಡಿಸ್ಕೊಂಡು. ಮರಳಲ್ಲಿ ಓಡೋ ಗಾಡೀನ ಬಾಡಿಗೆಗೆ ಕೊಡೋರು ಲೈಸೆನ್ಸ್ ಇಲ್ದೆ ಕೀಲಿ ಮುಟ್ಟೋಕೂ ಬಿಡಲ್ಲ. ನಂದು ಹೊಸಾದು, ನಡೆಯಲ್ವಂತೆ. ಮೂರು ವರ್ಷನಾದ್ರೂ ಹಳೇದಿರ್ಬೇಕಂತೆ."

"ಕೊನೇ ಸಲ ನೋಡಿದ್ದು?" ಎಂದಳು ಅಕ್ಕ.

"ಭಾನುವಾರ. ನೀಲಿ ಫೈಲಲ್ಲಿತ್ತು. ಸೋಮವಾರ ಬೆಳಿಗ್ಗೆ ಇಲ್ಲ." ಅವರ ಕಣ್ಣು ತುಂಬಿತು. "ಹದಿನೈದು ವರ್ಷದಿಂದ ಆ ಕಣಿವೆ ಚಿತ್ರ ನನ್ನ ಬೀರುವಿನ ಬಾಗಿಲಿಗೆ ಅಂಟಿಸ್ಕೊಂಡಿದೀನಿ ಅಕ್ಕ. ದಿನಕ್ಕೆ ಇಷ್ಟೇ ಜನ ಅಂತ ಒಳಗೆ ಬಿಡ್ತಾರೆ, ಚೀಟಿ ಎತ್ತಿ. ಮೂರು ವರ್ಷ ಅರ್ಜಿ ಹಾಕಿ ಈ ಸಲ ನಮ್ಮ ಚೀಟಿ ಬಂತು."

ಅರ್ಧ ಗಂಟೆಯಲ್ಲಿ ನಾವು ಅವರ ಮನೆಯಲ್ಲಿದ್ದೆವು. ಮುಂದೆ ಟೈರ್ ಅಂಗಡಿ, ಹಿಂದೆ ಮನೆ. ಗಂಡ ಮೂವತ್ತು ವರ್ಷ ಲಾರಿ ಓಡಿಸಿ, ಈಗ ಅಂಗಡಿ ಇಟ್ಟುಕೊಂಡಿರುವ ಟೈರಣ್ಣ. ಗೋಡೆಗೆ ಹೊಡೆದ ನಕ್ಷೆಯ ಮೇಲೆ ಕೆಂಪು ದಾರ ಎಳೆದು, ಎಲ್ಲಿ ಪೆಟ್ರೋಲು, ಎಲ್ಲಿ ನೀರು ಎಂದು ಗುಂಡುಪಿನ್ನು ಚುಚ್ಚಿದ್ದರು.

"ಮರಳಿಗೆ ಇಳಿಯೋ ಮುಂಚೆ ಟೈರಿನ ಗಾಳಿ ಅರ್ಧಕ್ಕರ್ಧ ಇಳಿಸ್ಬೇಕು," ಎಂದು ಅವರು ಉತ್ಸಾಹದಿಂದ ಕೈ ಬೀಸಿದರು. "ಆಗ ಟೈರ್ ಅಗಲ ಆಗಿ ಹೂತ್ಕೊಳ್ಳಲ್ಲ. ಕಣಿವೆ ದಾರಿ ಮಾತ್ರ ಒಂದೇ ಗಾಡಿಯಷ್ಟು ಅಗಲ. ಈ ಪಕ್ಕ ಬಂಡೆ, ಆ ಪಕ್ಕ ಪಾತಾಳ. ಅದೆಲ್ಲ ನಂಗೆ ನೀರು ಕುಡಿದಷ್ಟು ಸಲೀಸು."

ಆ ಬೀಸಿದ ಕೈ ಎಡಪಕ್ಕದಲ್ಲಿದ್ದ ನೀರಿನ ಲೋಟಕ್ಕೆ ಬಡಿದು ನೀರೆಲ್ಲ ನನ್ನ ಪ್ಯಾಂಟಿನ ಮೇಲೆ ಚೆಲ್ಲಿತು. "ಯಾರ್ರೀ ಇಲ್ಲಿ ಲೋಟ ಇಟ್ಟಿದ್ದು?" ಎಂದು ಅವರೇ ಗದರಿದರು. ಇಟ್ಟವರು ಅವರೇ.

"ಡೂಪ್ಲಿಕೇಟ್?" ಎಂದಳು ಅಕ್ಕ.

"ಅರ್ಜಿ ಕೊಟ್ಟಾಯ್ತಂತೆ, ಸೋಮವಾರಾನೇ. ಇನ್ನೂ ಬಂದಿಲ್ಲ. ಆ ಆಫೀಸು ಗೊತ್ತಲ್ಲ!" ಅಂದರು ಟೈರಣ್ಣ.

ನನಗೆ ಗೊತ್ತಿಲ್ಲದೇ ಏನು! ಒದ್ದೆ ಪ್ಯಾಂಟು ಹಿಂಡುತ್ತಾ ಹೂಂಗುಟ್ಟಿದೆ.

ಟೈರಣ್ಣನ ತಾಯಿಯಾದ ಅಜ್ಜಿ ಒಳಗಿನಿಂದಲೇ ಕೂಗಿದರು: "ಹೋಗಿದ್ದೇ ಒಳ್ಳೇದಾಯ್ತು! ಮರಳು ನೋಡ್ಬೇಕಂದ್ರೆ ಮನೆ ಕಟ್ಟೋ ಜಾಗಕ್ಕೆ ಹೋಗಿ ನೋಡ್ಲಿ. ಅಷ್ಟು ದೂರ ಹೋಗಿ ಸಾಯ್ಬೇಕಾ?"

ಅಂಗಡಿಯಲ್ಲಿ ಅಣ್ಣನ ಕೈಕೆಳಗೆ ಕೆಲಸ ಮಾಡುವ ಮೈದುನ ಮುಖ ಗಂಟಿಕ್ಕಿಕೊಂಡು ಪಂಕ್ಚರ್ ಹಾಕುತ್ತಿದ್ದ. "ನಂಗೂ ಆಸೆ ಇತ್ತು. ಅಂಗಡಿ ನೋಡ್ಕೊಳ್ಳೋರ್ಯಾರು ಅಂದ್ರು. ಸರಿ ಬಿಡಿ, ಕತ್ತೆ ಇದೆಯಲ್ಲ."

ಅಕ್ಕ ನೀಲಿ ಫೈಲು ಬಿಚ್ಚಿ ನೋಡಿದಳು. ಬಾಡಿಗೆಯವರ ಪತ್ರ, ತಂಗುವ ಜಾಗದ ಕಾಗದ, ಕಣಿವೆಯ ಪ್ರವೇಶಪತ್ರ, ಎಲ್ಲ ಸುಕ್ಕಿಲ್ಲದೆ ಇದ್ದವು. ಲೈಸೆನ್ಸ್ ಒಂದೇ ಇರಲಿಲ್ಲ. ಆಮೇಲೆ ಅಂಗಳಕ್ಕೆ ಹೋಗಿ ಅವರ ಪುಟ್ಟ ಕಾರನ್ನು ಸುತ್ತು ಹಾಕಿದಳು. ಡ್ರೈವರ್ ಕೂರುವ ಕಡೆ ಹೊಳೆಯುತ್ತಿತ್ತು. ಇನ್ನೊಂದು ಕಡೆ ಮುಂದಿನ ಬಾಗಿಲಿನಿಂದ ಹಿಂದಿನವರೆಗೆ ಗೀರುಗಳು, ಒಂದರ ಮೇಲೊಂದು. ಕನ್ನಡಿಗೆ ಟೇಪು ಸುತ್ತಿತ್ತು.

"ನಿಲ್ಸಿದ್ದಾಗ ಯಾರೋ ಉಜ್ಕೊಂಡು ಹೋದ್ರು," ಅಂದರು ಟೈರಣ್ಣ.

"ಲೋ, ಮನೆಯೆಲ್ಲ ಹುಡುಕು," ಎಂದು ನನಗೆ ಹೇಳಿ ಅಕ್ಕ ಅಜ್ಜಿಯ ಪಕ್ಕ ಹರಟೆಗೆ ಕೂತಳು.

ನಾಲ್ಕು ಗಂಟೆ! ಟೈರುಗಳ ಒಳಗೆ ಕೈ ಹಾಕಿದೆ, ಅಕ್ಕಿ ಡಬ್ಬ ಸುರಿದೆ, ಅಜ್ಜಿಯ ಟ್ರಂಕು ತೆಗೆದು ಬೈಸಿಕೊಂಡೆ. ಸಿಕ್ಕಿದ್ದು ಸೀನು ಮತ್ತು ಒಂದು ಜಿರಲೆ. ಕಟ್ಟಿಟ್ಟ ಸಾಮಾನಿನ ಮೇಲೆ ನರ್ಸಮ್ಮನ ಕೈಬರಹದ ಪಟ್ಟಿ ಇತ್ತು: ನೀರಿನ ಕ್ಯಾನು ಆರು, ಗುದ್ದಲಿ ಒಂದು, ಹಗ್ಗ ಒಂದು, ಟೋಪಿ ಮೂರು.

"ಹೋಗೋರು ಇಬ್ರು, ಟೋಪಿ ಮೂರಾ?" ಎಂದು ಸಿಡುಕಿದೆ.

"ಒಂದು ಗಾಳಿಗೆ ಹಾರಿಹೋದ್ರೆ ಇರ್ಲಿ ಅಂತೇನೋ. ನಂಗಂತೂ ಅಲ್ಲ," ಅಂದ ಮೈದುನ.

ಗುರುವಾರ ಅಕ್ಕ ನನ್ನನ್ನು ಮತ್ತೆ ಲೈಸೆನ್ಸ್ ಆಫೀಸಿಗೆ ಅಟ್ಟಿದಳು, ಟೈರಣ್ಣನ ಡೂಪ್ಲಿಕೇಟ್ ಅರ್ಜಿ ಎಲ್ಲಿದೆ ನೋಡು ಅಂತ. ಒಂದೂಮುಕ್ಕಾಲು ಗಂಟೆ ನಿಂತೆ. ಅಂಥ ಅರ್ಜಿಯೇ ಬಂದಿರಲಿಲ್ಲ.

"ಗೊತ್ತಾಯ್ತು ಬಿಡು!" ಎಂದೆ ಅಕ್ಕನಿಗೆ. "ಕೊಟ್ಟು ಬಾ ಅಂತ ಮೈದುನನ ಕೈಗೆ ಕೊಟ್ಟಿರ್ತಾರೆ, ಅವನು ಹರಿದು ಎಸೆದಿರ್ತಾನೆ. ಲೈಸೆನ್ಸ್ ಕದ್ದೋನೂ ಅವನೇ."

ಅಕ್ಕ ತಲೆ ಬಾಚಿಕೊಳ್ಳುತ್ತಿದ್ದಳು. "ಶನಿವಾರ ಎಲ್ರನ್ನೂ ಅಂಗಡೀಲಿ ಸೇರಿಸು," ಅಂದಳು. ಗೊತ್ತಿರುವುದನ್ನು ಆಗಲೇ ಹೇಳಿದರೆ ಇವಳ ಗಂಟೇನು ಹೋಗುತ್ತದೆ? ಇಪ್ಪತ್ತೆರಡು ವರ್ಷದಿಂದ ಇದೇ ಗೋಳು.

ಶನಿವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು ನಾವು ಟೈರುಗಳ ಮೇಲೆ ಕೂತೆವು. ಟೈರಣ್ಣ ನಕ್ಷೆಯ ಎದುರು ಸ್ಟೂಲಿನ ಮೇಲಿದ್ದರು. ನರ್ಸಮ್ಮ ಬಾಗಿಲ ಬಳಿ, ಕೊರಳ ಚೀಟಿ ಮುಷ್ಟಿಯಲ್ಲಿ.

"ಅಜ್ಜಿಗೆ ಪ್ರವಾಸ ಬೇಡ," ಎಂದು ಶುರು ಮಾಡಿದಳು ಅಕ್ಕ. "ಮೈದುನನಿಗೆ ಹೊಟ್ಟೆಯುರಿ. ಇವರಲ್ಲಿ ಯಾರೇ ಪ್ರವಾಸ ಕೆಡಿಸ್ಬೇಕು ಅನ್ಕೊಂಡಿದ್ರೂ ಏನು ತೆಗೀತಿದ್ರು? ಕಣಿವೆ ಪ್ರವೇಶಪತ್ರ. ಅದು ಹೋದ್ರೆ ಮತ್ತೆ ಸಿಗಲ್ಲ. ಲೈಸೆನ್ಸ್ ಹೋದ್ರೆ ಎರಡು ದಿನಕ್ಕೆ ಇನ್ನೊಂದು ಸಿಗುತ್ತೆ. ಕದ್ದೋರು ಪ್ರವೇಶಪತ್ರ ಮುಟ್ಟೇ ಇಲ್ಲ. ಅಂದ್ರೆ ಅವರಿಗೆ ಪ್ರವಾಸ ಬೇಕಿತ್ತು. ಒಬ್ರು ಗಾಡಿ ಓಡಿಸೋದು ಮಾತ್ರ ಬೇಡವಾಗಿತ್ತು."

"ಯಾರು, ನಾನಾ?" ಟೈರಣ್ಣ ಕೆರಳಿದರು. "ಯಾಕೆ ಬೇಡ?"

"ಟೈರಣ್ಣ, ನಕ್ಷೆ ಕಡೆಗೇ ನೋಡ್ತಾ ಇರಿ. ಕತ್ತು ತಿರುಗಿಸ್ಬೇಡಿ. ನನ್ನ ಕೈಲಿ ಏನಿದೆ?"

"ಎಲ್ಲಿದೆ ನಿಮ್ಮ ಕೈ?"

ಅಕ್ಕ ನೀಲಿ ಫೈಲನ್ನು ಅವರ ಎಡ ಕಿವಿಯ ಪಕ್ಕ, ಗೇಣು ದೂರದಲ್ಲಿ ಹಿಡಿದು ಆಡಿಸುತ್ತಿದ್ದಳು. ಮೈದುನ ಎದ್ದು ನಿಂತ.

"ಲೋಟ ಇದ್ದಿದ್ದು ಇದೇ ಪಕ್ಕ. ಕಾರಿನ ಗೀರೂ ಇದೇ ಪಕ್ಕ. ನಿಂತ ಕಾರಿಗೆ ಒಬ್ಬ ಉಜ್ಜಿದ್ರೆ ಗೀರು ಒಂದ್ಸಲ ಬೀಳುತ್ತೆ. ಇಲ್ಲಿ ಹಳೇದು, ಹೊಸಾದು ಎಲ್ಲ ಇದೆ. ಈ ಕಣ್ಣಿನ ನೋಟ ಹೋಗ್ತಿದೆ ಟೈರಣ್ಣ."

"ಸ್ವಲ್ಪ ಮಂಜು, ಅಷ್ಟೇ! ಮೂವತ್ತು ವರ್ಷ ಲಾರಿ ಓಡಿಸಿದೀನಿ ನಾನು!" ಅವರು ಗಿರ್ರನೆ ತಿರುಗಿದರು. "ಯಾರು ತೆಗೆದಿದ್ದು? ಹೇಳ್ರೀ!"

"ಪ್ರವಾಸ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದೋರು. ಲೈಸೆನ್ಸ್ ಕಳೆದ್ರೆ ಜನ ಮೊದ್ಲು ಡೂಪ್ಲಿಕೇಟ್‌ಗೆ ಓಡ್ತಾರೆ, ನಮ್ಮ ತಮ್ಮನ್ನ ಕೇಳಿ. ನರ್ಸಮ್ಮನಿಗೆ ಆ ನಿಯಮ ಬಾಯಿಪಾಠ. ಆದ್ರೂ ನನ್ನ ಹತ್ರ ಬಂದು ಡೂಪ್ಲಿಕೇಟ್ ಅಂತ ಒಂದು ಮಾತೂ ಎತ್ತಲಿಲ್ಲ. ಗಂಡನಿಗೆ ಅರ್ಜಿ ಕೊಟ್ಟಾಯ್ತು ಅಂದ್ರು. ಆಫೀಸಲ್ಲಿ ಅರ್ಜಿ ಇಲ್ಲ. ಹೊಸ ಲೈಸೆನ್ಸ್ ಬಂದ್ರೆ ಇವರು ಹೊರಟೇಬಿಡ್ತಾರಲ್ಲ." ಅಕ್ಕ ಬಾಗಿಲ ಕಡೆ ತಿರುಗಿದಳು. "ರಜೆಯಲ್ಲಿ ಆಸ್ಪತ್ರೆ ಚೀಟಿ ಯಾರು ಹಾಕ್ಕೋತಾರೆ ನರ್ಸಮ್ಮ? ನಮ್ಮ ತಮ್ಮ ಮನೆಯೆಲ್ಲ ಜಾಲಾಡಿದ. ನಿಮ್ಮ ಕೊರಳಲ್ಲಿ ಮಾತ್ರ ಹುಡುಕಲಿಲ್ಲ."

ನರ್ಸಮ್ಮ ಮುಷ್ಟಿ ಬಿಚ್ಚಿದರು. ಪ್ಲಾಸ್ಟಿಕ್ ಕವರಿನಲ್ಲಿ, ಆಸ್ಪತ್ರೆಯ ಚೀಟಿಯ ಬೆನ್ನಿಗೆ, ಟೈರಣ್ಣನ ಲೈಸೆನ್ಸ್ ಇತ್ತು. ನಾಲ್ಕು ಗಂಟೆ ಧೂಳು ಕುಡಿದದ್ದು ನೆನಪಾಗಿ ನನಗೆ ಅಳು ಬಂದ ಹಾಗಾಯಿತು.

"ಮೂರು ಸಲ ಹೇಳ್ದೆ ಕಣ್ಣು ತೋರಿಸಿ ಅಂತ," ಎಂದರು ಅವರು ಗಂಡನಿಗೆ. "ಹೆದರುಪುಕ್ಕಲಿ ಅಂದ್ರಿ. ಆ ದಾರೀಲಿ ಪಾತಾಳ ಇರೋದು ಇದೇ ಪಕ್ಕಕ್ಕೆ ರೀ! ಹೋಗೋದು ಬೇಡ ಅನ್ನೋಕೆ ನನ್ನ ಬಾಯಿ ಬರಲಿಲ್ಲ. ನೀವು ಓಡಿಸ್ಬೇಡಿ ಅಂದ್ರೆ ನೀವು ಕೇಳ್ತಿರಲಿಲ್ಲ. ಬ್ರೇಕ್ ಅಕ್ಕ ಹೇಳಿದ್ರೆ ಕೇಳ್ತೀರೇನೋ ಅಂತ..."

"ಅದಕ್ಕೇ ಮೂರನೇ ಟೋಪಿ," ಅಂದಳು ಅಕ್ಕ. "ಹಳೇ ಲೈಸೆನ್ಸಿನ ಡ್ರೈವರ್‌ಗೆ. ಬಾಯಿ ಬಿಟ್ಟು ಕರೆಯೋಕೆ ನಾಚಿಕೆ ಆಯ್ತಾ?"

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರು ಸಾಯಬೇಕಾ ಎಂದು ಕೂಗಿದ್ದು ಸುಮ್ಮನೆ ಅಲ್ಲವಂತೆ. ಮಗ ಬಾಗಿಲಿಗೆ ಭುಜ ಬಡಿದುಕೊಳ್ಳುವುದನ್ನು ಅವರೂ ಕಂಡಿದ್ದರು, ಬುಧವಾರ ಹರಟೆಯಲ್ಲಿ ಅಕ್ಕನ ಮುಂದೆ ಹೇಳಿಯೂ ಇದ್ದರು.

ಟೈರಣ್ಣ ನಕ್ಷೆಯ ಕೆಂಪು ದಾರದ ಮೇಲೆ ಬೆರಳಾಡಿಸಿದರು. "ಪೂರ್ತಿ ಹೋಗುತ್ತಾ?" ಎಂದು ಕೇಳಿದರು.

"ಹೋಗಿರೋದು ಬರಲ್ಲ ಅನ್ಸುತ್ತೆ. ಬೇಗ ತೋರಿಸಿದ್ರೆ ಇರೋದನ್ನ ಉಳಿಸ್ಬಹುದು. ಸೋಮವಾರ ಬೆಳಿಗ್ಗೆ ಡಾಕ್ಟರ್ ಹತ್ರ ಹೆಸರು ಬರೆಸಿದೀನಿ. ಅಲ್ಲಿಂದಲೇ ಹೊರಟುಬಿಡೋಣ," ಅಂದರು ನರ್ಸಮ್ಮ.

ಟೈರಣ್ಣ ಎದ್ದು ಒಳಗೆ ಹೋದರು. ಬೈಯುತ್ತಾರೋ, ಬಾಗಿಲು ಹಾಕಿಕೊಳ್ಳುತ್ತಾರೋ ಎಂದುಕೊಂಡೆವು. ಒಂದು ಟೋಪಿ ಹಿಡಿದುಕೊಂಡು ಬಂದು ಅಕ್ಕನ ಮಡಿಲಲ್ಲಿ ಹಾಕಿದರು. "ಮರಳಲ್ಲಿ ಬ್ರೇಕ್ ಒತ್ತಬಾರದು ತಾಯೀ, ಗಾಡಿ ಹೂತ್ಕೊಳ್ಳುತ್ತೆ," ಅಂದರು. "ನಾನು ಪಕ್ಕದಲ್ಲಿ ಕೂತು ಹೇಳ್ಕೊಡ್ತೀನಿ."

ಅಕ್ಕ ಹೋದಳು. ಆರು ದಿನ ಸ್ಕೂಲು, ಕ್ಲಚ್ ಹೋದ ಕಾರು, ಎಡವಟ್ಟು ಶಿಷ್ಯರು ಎಲ್ಲ ನನ್ನ ತಲೆ ಮೇಲೆ ಬಿತ್ತು. ನಾಲ್ಕನೇ ಟೋಪಿ ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅವರು ವಾಪಸಾದ ಮರುದಿನ ಲೈಸೆನ್ಸ್ ಆಫೀಸಿನ ಸರತಿಯಲ್ಲಿ ಯಾರೋ ನನ್ನ ಹಿಂದೆ ಬಂದು ನಿಂತರು. ಟೈರಣ್ಣ. ಕೈಯಲ್ಲಿ ಲೈಸೆನ್ಸ್ ಇತ್ತು.

"ವಾಪಸ್ ಕೊಡೋಕೆ ಯಾವ ಫಾರಂ?" ಎಂದು ಕೇಳಿದರು. ತುಂಬಿಸಿಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: "ಕಣಿವೆ ಅಂಚಲ್ಲಿ ನಿಂತ್ಕೊಂಡು, ಈ ಪಕ್ಕ ಏನಿದೆ ಹೇಳೇ ಅಂತ ಅವಳನ್ನ ಕೇಳ್ದೆ. ಒಂದೊಂದು ಬಂಡೇನೂ ಬಿಡದೆ ಹೇಳಿದ್ಲು ಕಣಯ್ಯಾ. ಹದಿನೈದು ವರ್ಷ ಆ ಚಿತ್ರ ನೋಡಿ ಎಲ್ಲ ಬಾಯಿಪಾಠ ಆಗಿತ್ತು ಅವಳಿಗೆ. ನಾನು ಆ ಬೀರು ಬಾಗಿಲು ಒಂದಿನಾನೂ ನೋಡಿರಲಿಲ್ಲ."

ಕೌಂಟರಿನವನು ಸಹಿ ಸರಿಯಿಲ್ಲ ಎಂದು ಫಾರಂ ಎರಡು ಸಲ ತಿರುಗಿಸಿ ಕೊಟ್ಟ. ಆ ದಿನ ಸರತಿ ಎರಡೂವರೆ ಗಂಟೆ ಹಿಡಿಯಿತು. ಟೈರಣ್ಣನಿಗೆ ಕಾಣದ ಆ ಪಕ್ಕಕ್ಕೆ ನಿಂತುಕೊಂಡೆ, ಒಂದು ಸಲವೂ ಗೊಣಗಲಿಲ್ಲ.